ಒಣ ತೂಕ

ಆಲೂಗಡ್ಡೆ ಮುಗಿದು ಶುಂಠಿ ಇನ್ನೂ ಶುರುವಾಗದ
ನಡುವಿನ ವಾರಗಳಲ್ಲಿ, ಹಾಸನದ ಯಾರ್ಡಿನ ಹಿಂದೆ,
ನನ್ನ ವೇಬ್ರಿಡ್ಜಿನ ಮೇಲೆ ಬೆಕ್ಕು ಮಲಗುತ್ತದೆ.
ಪರದೆಯಲ್ಲಿ ಸೊನ್ನೆ.
ಹತ್ತು ಕಿಲೋ ಹತ್ತು ಕಿಲೋ ಎಣಿಸುವ ಯಂತ್ರಕ್ಕೆ
ಬೆಕ್ಕು ಎಂಬುದೊಂದು ಇಲ್ಲ.

ಆ ಗುರುವಾರ ಬೆಕ್ಕನ್ನೆಬ್ಬಿಸಿ ಒಂದು ಹಸಿರು ಕಾರು ಏರಿತು.
ಎರಡೇ ಬಾಗಿಲು, ನನ್ನ ಸೊಂಟದೆತ್ತರ, ಉದ್ದ ಮೂತಿ.
ಹಿಂದಿನ ಬೆಳ್ಳಿಯ ಹೆಸರಲ್ಲಿ ಮೂರಕ್ಷರ ಉದುರಿ
ಉಳಿದದ್ದು ಯಾವ ಭಾಷೆಯೂ ಅಲ್ಲ.
ಒಳಗೆ ಜವಳಿ ಅಂಗಡಿ ಧರಣೇಂದ್ರಯ್ಯ,
ಹಿಂದೆ ಟಿವಿಎಸ್ಸಿನಲ್ಲಿ ಗೌಸ್ ಮೇಸ್ತ್ರಿ.

"ಇದು ಮೊದಲನೇದೋ ಎರಡನೇದೋ,
ನೀನೇ ಹೇಳ್ಬೇಕು ಕಣಮ್ಮ."
ನಂಬರು ಕೊರೆದ ತಗಡನ್ನು ತುಕ್ಕು ತಿಂದಿದೆ,
ಆರ್‌ಸಿ ಪುಸ್ತಕದಲ್ಲಿ ಯಾವನೋ ಗುಮಾಸ್ತ
ಬಾಯಿಗೆ ಬಂದ ವರ್ಷ ಗೀಚಿದ್ದಾನೆ.
ಉಳಿದ ಸಾಕ್ಷಿ ತೂಕವೊಂದೇ.

ಪ್ಲಾಸ್ಟಿಕ್ ಕವರಿನಿಂದ ತೆಳ್ಳನೆ ಪುಸ್ತಕ ಹೊರಬಂತು.
ಮೊದಲ ಮಾದರಿ ಎಂಟುನೂರ ಎಪ್ಪತ್ತು:
ಕಾಗದದಂಥ ತಗಡು, ಪಕ್ಕಕ್ಕೆ ಗಾಜೂ ಇಲ್ಲ,
ಹಗ್ಗ ಎಳೆದರೆ ಬಾಗಿಲು.
ಎರಡನೆಯದಕ್ಕೆ ಗಾಜು ಬಂತು, ಬಿಸಿಗಾಳಿಯ ಪೆಟ್ಟಿಗೆ ಬಂತು,
ಒಂಬೈನೂರ ಮೂವತ್ತು.
ಮೂರನೆಯದು ಯಾವುದೋ ದೇಶದ ಕಾನೂನಿಗೆ ಹೆದರಿ
ಹಿಂದೆ ಮುಂದೆ ರಬ್ಬರಿನ ತುಟಿ ಕಟ್ಟಿಕೊಂಡಿತು.
ಸಾವಿರದ ಹತ್ತು.
"ಎಂಜಿನ್ ಮಾತ್ರ ಅದೇ," ಗೌಸ್ ನಕ್ಕ. "ಪಾಪ."

ಇಳಿಯಿರಿ ಎಂದೆ. ಧರಣೇಂದ್ರಯ್ಯ ಇಳಿದರು, ಎಪ್ಪತ್ತು ಇಳಿಯಿತು.
ಪರದೆ: ೧೦೪೦.
ಯಾವ ಸಾಲಿಗೂ ಸೇರದ ಸಂಖ್ಯೆ.

"ಪುಸ್ತಕದ್ದು ಒಣ ತೂಕ ಸ್ವಾಮಿ.
ಪೆಟ್ರೋಲಿಲ್ಲದ್ದು, ನೀರಿಲ್ಲದ್ದು, ಎಣ್ಣೆಯಿಲ್ಲದ್ದು."

ಒಣ ತೂಕ ನನಗೆ ಗೊತ್ತು.
ಐದು ಮೂಟೆ ಹಸಿ ಶುಂಠಿ ಒಣಗಿ ಒಂದಾಗುವುದನ್ನು
ಕಣದಲ್ಲಿ ಕೂತು ಕಾದವಳು.
ಆದರೆ ಒಣಗಿದ ಶುಂಠಿ ಲಾರಿ ಹತ್ತುತ್ತದೆ.
ಒಣಗಿದ ಕಾರು ಎಲ್ಲಿಗೆ ಹೋಗುತ್ತದೆ?

ಅವರು ಇಳಿಸತೊಡಗಿದರು.
ಸ್ಟೆಪ್ನಿ, ಜಾಕು, ಎರಡು ಕ್ಯಾನು ಪೆಟ್ರೋಲು,
ಸೀಟಿನಡಿ ಸಿಕ್ಕ ಒಂಟಿ ಮಗು-ಚಪ್ಪಲಿ
(ಯಂತ್ರಕ್ಕೆ ಇದೂ ಇಲ್ಲ).
೯೮೦.
ಎರಡನೆಯದಕ್ಕೆ ಐವತ್ತು ಜಾಸ್ತಿ. ಮೂರನೆಯದೆನ್ನಲು ತುಟಿಯಿಲ್ಲ.

ಗೌಸ್ ಅಂಗಾತ ಮಲಗಿ ಕಾರಿನಡಿ ಅರ್ಧ ನುಸುಳಿದ.
ಪರದೆ ಅರುವತ್ತು ಏರಿತು, ಅವನನ್ನು ಕಳೆದು ಓದಿಕೊಂಡೆ.
ಸ್ಪ್ಯಾನರಿನಿಂದ ತಟ್ಟುತ್ತ ಹೋದ.
ಟಣ್. ಟಣ್. ಟಣ್. ಆಮೇಲೆ, ಥಪ್.

"ನೆಲ ಕಂಪನಿದಲ್ಲ. ಟಾರು ಡ್ರಮ್ಮು ಬಿಡಿಸಿ ಬಡಿದಿರೋದು.
ಅದರ ಮೇಲೆ ಇನ್ನೊಂದು. ಬಾಗಿಲ ಕೆಳಗೆ
ರೈಸ್ ಮಿಲ್ಲಿನ ಕಬ್ಬಿಣದ ಪಟ್ಟಿ."
ಆಮೇಲೆ ಮಾತಿಲ್ಲ.
ಕಾಲು ಮಾತ್ರ ಕಾಣುತ್ತಿತ್ತು, ಅಲುಗದೆ.

"ವೆಲ್ಡಿಂಗು ಹುಳು ಹರಿದ ಹಾಗಿದೆ. ನನ್ನದೇ ಕೈ.
ಹದಿನಾಲ್ಕು ವರ್ಷ ಆಗ ನನಗೆ.
ಉಸ್ತಾದ್ ಮೊದಲ ಸಲ ಹೋಲ್ಡರ್ ಕೊಟ್ಟಿದ್ದರು.
ಬಿದ್ದುಹೋದೀತು ಅಂತ ಹೆದರಿ
ಎರಡೆರಡು ಪದರ ಹಾಕ್ಬಿಟ್ಟಿದ್ದೀನಿ."

ಧರಣೇಂದ್ರಯ್ಯನವರ ಬೆರಳು ಪುಸ್ತಕದಲ್ಲಿ
ಎರಡು ಸಾಲಿನ ನಡುವಿನ ಬಿಳಿಯ ಮೇಲಿತ್ತು.
"ಅದನ್ನ ಬಿಚ್ಚಿದರೆ ಗೊತ್ತಾಗುತ್ತಲ್ಲ?"
"ಬಿಚ್ಚಿದರೆ ಕಾಲಡಿ ರಸ್ತೆ ಕಾಣುತ್ತೆ ಅಷ್ಟೇ."

ಚೀಟಿ ಬೇಕೆಂದರು.
ಸರಕು ಯಾವುದೆಂದು ಹೇಳದೆ ಯಂತ್ರ ಚೀಟಿ ಕೊಡುವುದಿಲ್ಲ.
ಆಲೂಗಡ್ಡೆ, ಶುಂಠಿ, ಜೋಳ, ಜಲ್ಲಿ, ಖಾಲಿ.
ನಾನು ತುಸು ಯೋಚಿಸಿ ಖಾಲಿ ಒತ್ತಿದೆ.
ಧರಣೇಂದ್ರಯ್ಯ ಅದನ್ನು ಎರಡು ಸಲ ಓದಿ
ಪುಸ್ತಕದೊಳಗಿಟ್ಟರು.

ಪೆಟ್ರೋಲು ಮರಳಿ ಹುಯ್ದು, ಒಂದು ಕೆಮ್ಮು ಕೆಮ್ಮಿಸಿ,
ಬಿ.ಎಂ. ರಸ್ತೆಯ ಕಡೆ ತಿರುಗಿಸಿಕೊಂಡು ಹೋದರು.
ಜಾಕು ಇಲ್ಲೇ ಮರೆತಿದ್ದಾರೆ.
ಪರದೆಯಲ್ಲಿ ಹತ್ತು.
ಬೆಕ್ಕು ಬಂದು ಅದರ ಪಕ್ಕ ಕೂತಿತು.
ಈಗಲೂ ಹತ್ತೇ.